ವೀರಗಲ್ಲಿಗೆ ನೆಲ ಬೇಕು

2016ರ ಜುಲೈ. ಜರ್ಮನಿಯ ಕಲೋನ್ ನಗರದಲ್ಲಿ ಕೌಂಟರ್-ಸ್ಟ್ರೈಕ್ ಆಟದ ದೊಡ್ಡ ಪಂದ್ಯಾವಳಿಯ ಸೆಮಿಫೈನಲ್. ಅಮೆರಿಕದ ಟೀಮ್ ಲಿಕ್ವಿಡ್‌ಗೂ ಸ್ವೀಡನ್ನಿನ ಫ್ನಾಟಿಕ್‌ಗೂ ಪಂದ್ಯ. ಆ ಸುತ್ತಿನಲ್ಲಿ ಲಿಕ್ವಿಡ್ ಕಡೆ ಉಳಿದವನು ಒಬ್ಬನೇ, ಎದುರಿಗೆ ಇಬ್ಬರು. ಆ ಒಬ್ಬ ಉಕ್ರೇನಿನ 18 ವರ್ಷದ ಹುಡುಗ ಒಲೆಕ್ಸಾಂಡರ್ ಕೋಸ್ಟಿಲಿಯೆವ್. ಆಟದ ಲೋಕ ಅವನನ್ನು ಕರೆಯುವುದು ‘ಸಿಂಪಲ್’ ಎಂದು. ಅವನ ಕೈಯಲ್ಲಿದ್ದದ್ದು ದೂರದ ಗುರಿಗೆಂದೇ ಮಾಡಿದ ದುರ್ಬೀನಿನ ಬಂದೂಕು. ದುರ್ಬೀನು ಬಳಸದೆ ಹೊಡೆದರೆ ಆ ಗುಂಡು ಎತ್ತ ಹೋದೀತೆಂದು ನೆಚ್ಚುವಂತಿಲ್ಲ, ಪರದೆಯ ನಡುವೆ ಗುರಿಯ ಗುರುತು ಕೂಡ ಇರುವುದಿಲ್ಲ. ಸಿಂಪಲ್ ಎತ್ತರದಿಂದ ಕೆಳಕ್ಕೆ ಹಾರಿದ, ಬೀಳುತ್ತಿರುವಾಗಲೇ ದುರ್ಬೀನಿಲ್ಲದೆ ಒಬ್ಬನನ್ನು ಹೊಡೆದ, ನೆಲ ಮುಟ್ಟಿದವನೇ ಅದೇ ರೀತಿ ಇನ್ನೊಬ್ಬನನ್ನೂ ಹೊಡೆದ. ಎಲ್ಲ ಮುಗಿಯಲು ಕೆಲವು ಸೆಕೆಂಡು ಸಾಕಾಯಿತು.

ಅದು ನಡೆದದ್ದು ‘ಕ್ಯಾಶ್’ ಎಂಬ ಮ್ಯಾಪಿನಲ್ಲಿ. ಆಟದ ಒಡೆಯನಾದ ವಾಲ್ವ್ ಕಂಪನಿ ಆಮೇಲೆ ಅದೇ ಜಾಗದ ಗೋಡೆಯ ಮೇಲೆ ಆ ಜಿಗಿತದ ನೆನಪಿಗೆ ಒಂದು ಚಿತ್ರ ಸೇರಿಸಿತು. ಅಂದಿನಿಂದ ಆ ಮ್ಯಾಪಿನಲ್ಲಿ ಆಡುವ ಯಾರೇ ಆಗಲಿ, ಆ ಗೋಡೆಯ ಮುಂದೆ ಹಾದುಹೋಗುವಾಗ ಇಲ್ಲಿ ಹೀಗೊಂದು ನಡೆದಿತ್ತು ಎಂಬುದನ್ನು ಕಾಣಬೇಕಾಯಿತು. ಬ್ರೆಜಿಲ್‌ನ ಕೋಲ್ಡ್‌ಝೆರಾ, ಸ್ವೀಡನ್ನಿನ ಓಲಾಫ್‌ಮೈಸ್ಟರ್ ಅವರ ಸಾಹಸಗಳಿಗೂ ಬೇರೆ ಮ್ಯಾಪುಗಳಲ್ಲಿ ಇಂಥ ಗೋಡೆಚಿತ್ರಗಳು ಬಂದವು.

ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇದನ್ನು ಬೇರೆ ಹೆಸರಿನಿಂದ ಕರೆಯಲು ಬರುವುದಿಲ್ಲ. ಕಾದಾಡಿದ ಜಾಗದಲ್ಲೇ ನಿಲ್ಲಿಸಿದ, ಒಬ್ಬನ ಒಂದು ಗಳಿಗೆಯನ್ನು ಊರಿಗೆಲ್ಲ ಕಾಣುವಂತೆ ಮಾಡಿದ ಗುರುತು ಇದು. ವೃತ್ತಿಪರ ಶೂಟರ್ ಆಟಗಾರನ ಬದುಕನ್ನು ಕನ್ನಡದಲ್ಲಿ ಓದಲು ಹೊರಟರೆ ನಮ್ಮ ಬಳಿ ಸಿದ್ಧ ಪರಿಭಾಷೆ ಇಲ್ಲ. ಪತ್ರಿಕೆಗಳಲ್ಲಿ ಸಿಗುವುದು ಎರಡೇ ಧಾಟಿ: ‘ಮೊಬೈಲ್ ಗೀಳು’ ಎಂಬ ಆತಂಕ, ಇಲ್ಲವೆ ‘ಕೋಟಿ ಗಳಿಸಿದ ಹುಡುಗ’ ಎಂಬ ಬೆರಗು. ಎರಡರಲ್ಲೂ ಆಟ ಕಾಣುವುದಿಲ್ಲ, ಆಟಗಾರನೂ ಕಾಣುವುದಿಲ್ಲ. ವೀರಗಲ್ಲಿನ ಪರಂಪರೆ ಇಲ್ಲಿ ಒಂದಿಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕಾಳಗಕ್ಕೆ ಮುಂಚಿನ ಬದುಕು, ಅಂದರೆ ಅವನು ಯಾರ ಗದ್ದೆ ಉಳುತ್ತಿದ್ದ, ಯಾರ ಬಳಿ ಕತ್ತಿ ಹಿಡಿಯಲು ಕಲಿತ ಎಂಬುದು ಕಲ್ಲಿನಲ್ಲಿ ಬರುವುದು ಅಪರೂಪ. ಗೋಡೆಚಿತ್ರವೂ ಹಾಗೆಯೇ ಒಂದು ಗಳಿಗೆಯನ್ನು ಹಿಡಿದು ವರ್ಷಗಳನ್ನು ಬಿಡುತ್ತದೆ. ಸಿಂಪಲ್ ವಿಷಯದಲ್ಲಿ ಬಿಟ್ಟುಹೋದದ್ದು ಸಣ್ಣದೇನಲ್ಲ. ಹದಿಹರೆಯದಲ್ಲಿ ಮೋಸದ ತಂತ್ರಾಂಶದ ಆರೋಪದ ಮೇಲೆ ಇಎಸ್‌ಎಲ್ ಸಂಸ್ಥೆ ಅವನನ್ನು ನಿಷೇಧಿಸಿತ್ತು. ಜೊತೆಯವರ ಮೇಲೆ ರೇಗುವವನು, ತಂಡದಲ್ಲಿ ನಿಲ್ಲದವನು ಎಂಬ ಹೆಸರೂ ಇತ್ತು. ಕಲೋನಿನ ಆ ಪಂದ್ಯಾವಳಿಯ ಫೈನಲ್‌ನಲ್ಲಿ ಲಿಕ್ವಿಡ್ ಸೋತಿತು. ಅದೇ ವರ್ಷ ಅವನು ತನ್ನ ನಾಡಿನ ತಂಡ ನಾಟುಸ್ ವಿನ್ಸೆರೆ ಸೇರಿದ. ವಿಶ್ವದ ಶ್ರೇಷ್ಠ ಆಟಗಾರ ಎಂಬ ಎಚ್‌ಎಲ್‌ಟಿವಿ ತಾಣದ ಮನ್ನಣೆ 2018, 2021, 2022ರಲ್ಲಿ ದಕ್ಕಿತು. ಆದರೆ ಎಲ್ಲಕ್ಕಿಂತ ದೊಡ್ಡದಾದ ‘ಮೇಜರ್’ ಪ್ರಶಸ್ತಿಗೆ 2021ರ ನವೆಂಬರ್‌ವರೆಗೆ ಕಾಯಬೇಕಾಯಿತು. ಸ್ಟಾಕ್‌ಹೋಮಿನಲ್ಲಿ ಅವನ ತಂಡ ಒಂದೇ ಒಂದು ಮ್ಯಾಪನ್ನೂ ಸೋಲದೆ ಗೆದ್ದಿತು, ಮೇಜರ್ ಇತಿಹಾಸದಲ್ಲಿ ಅದು ಮೊದಲು.

ವಿಮರ್ಶೆಯ ದೃಷ್ಟಿಯಿಂದ ನನಗೆ ಕಲೋನಿನ ಜಿಗಿತಕ್ಕಿಂತ ಸ್ಟಾಕ್‌ಹೋಮ್ ದೊಡ್ಡದು. ಜಿಗಿತದಲ್ಲಿ ಕೌಶಲದ ಜೊತೆ ಅದೃಷ್ಟವೂ ಇದೆ. ದುರ್ಬೀನಿಲ್ಲದ ಆ ಗುಂಡು ತಪ್ಪಿಹೋಗಬಹುದಿತ್ತು. ಸ್ಟಾಕ್‌ಹೋಮಿನಲ್ಲಿ ಇರುವುದು ಐದು ವರ್ಷಗಳಲ್ಲಿ ಒಬ್ಬ ಒಂಟಿ ಆಟಗಾರ ಐವರಲ್ಲಿ ಒಬ್ಬನಾಗಲು ಕಲಿತ ಕತೆ. ಅದನ್ನು ಒಂದು ಗೋಡೆಚಿತ್ರಕ್ಕೆ ಇಳಿಸುವುದು ಕಷ್ಟ, ಕತೆಯಾಗಿಯೇ ಹೇಳಬೇಕು. ಶೂಟರ್ ಆಟಗಾರರ ಬಗ್ಗೆ ಜಗತ್ತಿನಲ್ಲಿ ಹರಿದಾಡುವುದೆಲ್ಲ ಅರ್ಧ ನಿಮಿಷದ ತುಣುಕುಗಳೇ ಆಗಿರುವುದರಿಂದ ಈ ಕತೆ ಹೇಳುವವರು ಕಡಿಮೆ.

ಆಟವನ್ನು ನೋಡುವ ನಮ್ಮ ರೀತಿಯಲ್ಲೂ ಒಂದು ತೊಡಕಿದೆ. ಗುರಿಕಾರ ಎಂದೊಡನೆ ನಮಗೆ ನೆನಪಾಗುವುದು ಹಕ್ಕಿಯ ಕಣ್ಣು ಮಾತ್ರ ಕಾಣುವ ಅರ್ಜುನ. ಕೌಂಟರ್-ಸ್ಟ್ರೈಕ್‌ನಲ್ಲಿ ಹಕ್ಕಿಯ ಕಣ್ಣನ್ನಷ್ಟೇ ನೋಡುವವನು ಮೊದಲ ಸುತ್ತಿನಲ್ಲೇ ಸಾಯುತ್ತಾನೆ. ಅಲ್ಲಿ ಬೇಕಾದದ್ದು ದಶರಥನ ಶಬ್ದವೇಧಿ ವಿದ್ಯೆ. ಹೊಗೆಯ ಆಚೆ, ಗೋಡೆಯ ಹಿಂದೆ ಹೆಜ್ಜೆ ಸದ್ದು ಕೇಳಿ, ಬರುವವನು ಯಾವ ಮೂಲೆಯಿಂದ ಯಾವ ಎತ್ತರದಲ್ಲಿ ಕಾಣಿಸಿಕೊಳ್ಳುತ್ತಾನೆಂದು ಊಹಿಸಿ, ಗುರಿಯನ್ನು ಮೊದಲೇ ಅಲ್ಲಿ ಇಟ್ಟು ಕಾಯಬೇಕು. ಹಾಗಾಗಿ ಒಳ್ಳೆಯ ಆಟಗಾರನ ಕೈ ಮೇಲ್ನೋಟಕ್ಕೆ ಸುಮ್ಮನಿರುತ್ತದೆ. ಹೊಸಬನ ಪರದೆ ಎಲ್ಲೆಂದರಲ್ಲಿ ಅಲ್ಲಾಡುತ್ತದೆ, ಪಳಗಿದವನ ಪರದೆ ಒಂದು ಬಾಗಿಲಿನ ಅಂಚಿನಲ್ಲಿ ನಿಂತುಬಿಟ್ಟಿರುತ್ತದೆ. ಶಬ್ದವೇಧಿಯ ಕತೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ದಶರಥನ ಬಾಣ ಗುರಿ ತಪ್ಪಲಿಲ್ಲ, ಊಹೆ ತಪ್ಪಿತು. ಶೂಟರ್ ಆಟಗಾರ ಸೋಲುವುದೂ ಹೆಚ್ಚಾಗಿ ಹಾಗೆಯೇ.

ಊಹಿಸುವ ಕಷ್ಟ ಬೇಡವೆಂದವನ ಕತೆ ಭಾರತದ್ದೇ ಒಂದಿದೆ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಏಷ್ಯಾ ಮಟ್ಟದ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ಆಪ್ಟಿಕ್ ಇಂಡಿಯಾ ತಂಡ ಆಡುತ್ತಿತ್ತು. ಹೆಸರುವಾಸಿ ಅಮೆರಿಕನ್ ಸಂಸ್ಥೆಯೊಂದು ಇಲ್ಲಿಯ ಹುಡುಗರಿಗೆ ಸಂಬಳ ಕೊಟ್ಟು ಕಟ್ಟಿದ ತಂಡ ಅದು. ಪಂದ್ಯದ ನಡುವೆ ‘ಫೋರ್ಸೇಕನ್’ ಎಂಬ ಹೆಸರಿನ ಆಟಗಾರನ ಕಂಪ್ಯೂಟರಿನಲ್ಲಿ ಗುರಿಗೆ ನೆರವಾಗುವ ಮೋಸದ ತಂತ್ರಾಂಶ ಸಿಕ್ಕಿತು. ಆ ಕಡತದ ಹೆಸರು ‘ವರ್ಡ್’. ತಂಡ ಅನರ್ಹವಾಯಿತು, ಸಂಸ್ಥೆ ಇಡೀ ಭಾರತೀಯ ವಿಭಾಗವನ್ನೇ ಮುಚ್ಚಿತು, ಅವನಿಗೆ 5 ವರ್ಷದ ನಿಷೇಧ ಬಿತ್ತು. ತಪ್ಪು ಮಾಡದ ಉಳಿದ ನಾಲ್ವರೂ ಬೀದಿಗೆ ಬಿದ್ದರು.

ತೊರೆಯಲ್ಪಟ್ಟವನು ಎಂಬ ಅರ್ಥದ ಹೆಸರು, ಮಾತು ಎಂಬ ಹೆಸರಿನ ಮೋಸ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ರೂಪಕ ಹುಡುಕುವ ಆಸೆಯಾಗುವುದು ಸಹಜ, ಆದರೆ ನೋಡಬೇಕಾದದ್ದು ಬೇರೆ. ನಿಷೇಧ ಸಿಂಪಲ್‌ಗೂ ಆಗಿತ್ತು. ಅವನ ಮುಂದೆ ಬೇರೆ ತಂಡಗಳಿದ್ದವು, ಪಂದ್ಯಾವಳಿಗಳಿದ್ದವು, ಹಾಗಾಗಿ ಆ ನಿಷೇಧ ಇಂದು ಅವನ ಕತೆಯ ಮೊದಲ ಅಧ್ಯಾಯದ ಒಂದು ಸಾಲು. ಫೋರ್ಸೇಕನ್‌ಗೆ ಅದೇ ಇಡೀ ಕತೆ. ಒಬ್ಬನ ತಪ್ಪಿಗೆ ಒಂದು ದೇಶದ ತಂಡವೇ ಇಲ್ಲವಾಗುತ್ತದೆ ಎಂದರೆ ಅವರ ಕಾಲಡಿಯ ನೆಲ ಎಷ್ಟು ತೆಳ್ಳಗಿತ್ತೆಂದು ಊಹಿಸಬಹುದು.

ಈ ನೆಲದ ಮಾತನ್ನು ನಾನು ಸಾವನದುರ್ಗದ ಸುತ್ತ ನಿಂತು ಯೋಚಿಸುವುದಕ್ಕೆ ಕಾರಣವಿದೆ. ಕಲ್ಲು ಹುಡುಕಿಕೊಂಡು ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಓಡಾಡುವಾಗ ಬೆಟ್ಟದ ತಪ್ಪಲಿನಲ್ಲಿ ನಾನು ಕೇಳಿಸಿಕೊಂಡ ಕನ್ನಡದಲ್ಲಿ ಇದೂ ಸೇರಿತ್ತು: “ಮಗಾ, ಲೆಫ್ಟಲ್ಲಿ ಒಬ್ಬ ಅವ್ನೆ, ಸ್ಮೋಕ್ ಹಾಕು, ರಿವೈವ್ ಕೊಡ್ತೀನಿ.” ಜಗಲಿಯ ಮೇಲೆ ನಾಲ್ಕು ಹುಡುಗರು, ನಾಲ್ಕು ಫೋನು. ಭಾರತದಲ್ಲಿ ಶೂಟರ್ ಆಟ ಹಳ್ಳಿ ತಲುಪಿದ್ದು ದುಬಾರಿ ಕಂಪ್ಯೂಟರಿನಿಂದಲ್ಲ, ಪಬ್‌ಜಿ ಮೊಬೈಲ್‌ನಿಂದ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈ 28ರಂದು ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇನಲ್ಲಿ ಮರಳಿತು. 18ರಿಂದ 25ರ ನಡುವೆ ಕೈ ಚುರುಕಾಗಿರುವ ವರ್ಷಗಳನ್ನೇ ಬಂಡವಾಳ ಮಾಡಿಕೊಂಡ ಆಟಗಾರನಿಗೆ ಹತ್ತು ತಿಂಗಳು ಎಂದರೆ ಸಣ್ಣ ಅವಧಿಯಲ್ಲ. ಸರ್ಕಾರದ ನಿರ್ಧಾರಕ್ಕೆ ಅದರದೇ ಕಾರಣಗಳಿದ್ದವು. ನನ್ನ ಪ್ರಶ್ನೆ ಅದಲ್ಲ. ಕಬಡ್ಡಿ ಆಡುವವನಿಗೆ ಒಂದು ಅಂಕಣ ಹೋದರೆ ಊರಾಚೆ ಇನ್ನೊಂದು ಬಯಲಿದೆ, ಗೆರೆ ಎಳೆದುಕೊಳ್ಳಬಹುದು. ಶೂಟರ್ ಆಟಗಾರನ ಅಂಕಣ, ಚೆಂಡು, ನಿಯಮ, ಗಾಳಿ ಎಲ್ಲವೂ ಒಂದು ಕಂಪನಿಯ ಸ್ವತ್ತು. ಗೆರೆ ಎಳೆದುಕೊಳ್ಳಲು ಅವನಿಗೆ ಬಯಲೇ ಇಲ್ಲ.

ಸಾವನದುರ್ಗವನ್ನೂ ಬೇರೆಯವರು ತಮ್ಮ ಮ್ಯಾಪು ಮಾಡಿಕೊಂಡದ್ದುಂಟು. ಮಾಗಡಿ ಕೆಂಪೇಗೌಡರ ಕೈಯಿಂದ 1728ರಲ್ಲಿ ಅದು ಮೈಸೂರಿನವರ ಪಾಲಾಯಿತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕಾವಲಿನಿಂದ ಅದನ್ನು ಕಸಿಯಿತು. ಆ ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬೆಟ್ಟವನ್ನು ಬಿಡಿಸಿಕೊಂಡು ಹೋದ. ಡೇವಿಡ್ ಲೀನ್ 1984ರ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಇದೇ ಬಂಡೆಯನ್ನು ಬಿಹಾರದ ಕಡೆಯ ಮಾರಬಾರ್ ಎಂದು ತೋರಿಸಿದ. ಪಕ್ಕದ ರಾಮನಗರದ ಬೆಟ್ಟ ‘ಶೋಲೆ’ಯಲ್ಲಿ ರಾಮ್‌ಗಢವಾಯಿತು. ಇಷ್ಟಾದರೂ ಕರಿಗುಡ್ಡ, ಬಿಳಿಗುಡ್ಡ ಇದ್ದಲ್ಲೇ ಇವೆ. ಗೆದ್ದವರು, ಚಿತ್ರ ತೆಗೆದವರು ಹೋದ ಮೇಲೂ ತಪ್ಪಲಿನ ವೀರಭದ್ರನಿಗೂ ನರಸಿಂಹನಿಗೂ ಪೂಜೆ ನಿಂತಿಲ್ಲ.

ಕ್ಯಾಶ್ ಮ್ಯಾಪಿಗೆ ಆ ಭಾಗ್ಯ ಇರಲಿಲ್ಲ. 2019ರಲ್ಲಿ ಅದನ್ನು ಪಂದ್ಯಾವಳಿಗಳ ಪಟ್ಟಿಯಿಂದ ತೆಗೆದರು. 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಹಳೆಯ ಆಟದ ಜಾಗಕ್ಕೆ ಬಂದಾಗ ಅದರಲ್ಲಿ ಕ್ಯಾಶ್ ಇರಲೇ ಇಲ್ಲ. ವೀರಗಲ್ಲು ನಿಂತಿದ್ದ ಊರನ್ನೇ ಎತ್ತಿ ಬದಿಗಿಟ್ಟಂತೆ. ಹಳೆಯ ಪಂದ್ಯಗಳನ್ನು ದಾಖಲಿಸಿದ ‘ಡೆಮೊ’ ಕಡತಗಳು ಹೊಸ ಆಟದಲ್ಲಿ ತೆರೆದುಕೊಳ್ಳುವುದಿಲ್ಲ. ಸಾವಿರ ವರ್ಷದ ಹಳಗನ್ನಡ ಶಾಸನವನ್ನು ಇಂದು ಲಿಪಿ ಕಲಿತ ಯಾರಾದರೂ ಓದಬಹುದು. ಹತ್ತು ವರ್ಷದ ಹಿಂದಿನ ಪಂದ್ಯವನ್ನು ಆಟಗಾರನ ಕಣ್ಣಿನಿಂದ ನೋಡಲು ಆ ಕಾಲದ ಯಂತ್ರವೇ ಬೇಕು. ಅದೇ 2023ರ ಅಕ್ಟೋಬರ್‌ನಲ್ಲಿ ಸಿಂಪಲ್ ಕೂಡ ಆಟದಿಂದ ಬಿಡುವು ಪಡೆದ, ಆಗ ಅವನಿಗೆ 26. ಬಳಿಕ ತಂಡದಿಂದ ತಂಡಕ್ಕೆ ಎರವಲು ಹೋಗಿ ಮರಳಲು ಯತ್ನಿಸಿದ.

ಮದ್ದೂರು ತಾಲೂಕಿನ ಆತಕೂರಿನ ಶಾಸನವನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಕ್ರಿ.ಶ. 949-50ರ ಆ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಂತದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ, ಏನು ಬೇಕು ಕೇಳು ಎಂದಾಗ ಬೇಡಿದ್ದು ಆ ನಾಯಿಯನ್ನು. ನಾಯಿಗೂ ಕಲ್ಲು ಹಾಕಿಸಿದರು ಎಂದು ಬೆರಗಾಗಿ ನಾವು ಅಲ್ಲಿಗೆ ನಿಲ್ಲಿಸುತ್ತೇವೆ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟದ್ದನ್ನೂ ಹೇಳುತ್ತದೆ. ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ ಎಂಬ ನಮ್ಮ ಶಾಸನಗಳ ಮಾತುಗಳೆಲ್ಲ ವೀರನಿಗೋ ಅವನ ಮನೆಯವರಿಗೋ ಕೊಟ್ಟ ನೆಲಕ್ಕೆ ಸಂಬಂಧಿಸಿದವು. ಹೊಗಳಿಕೆಯ ಜೊತೆಗೆ ಹೊಟ್ಟೆಪಾಡಿನ ಲೆಕ್ಕವನ್ನೂ ಕಲ್ಲಿನಲ್ಲೇ ಕೆತ್ತುತ್ತಿದ್ದರು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಒಪ್ಪಿ, ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಅವುಗಳಿಂದ ಬೇರೆಯಾಗಿ ಮಾನ್ಯ ಮಾಡಿತು. ಜೂಜಲ್ಲ, ಆಟ ಎಂಬ ಹೆಸರು ಸಿಕ್ಕಿದ್ದು ಒಳ್ಳೆಯದೇ. ಅದು ಕಲ್ಲು ನೆಟ್ಟಂತೆ. ಇನ್ನು ನೆಲದ ಲೆಕ್ಕ ಬಾಕಿ ಇದೆ. ಆಟ ರಾತ್ರೋರಾತ್ರಿ ನಿಂತರೆ ಆಟಗಾರನ ಒಪ್ಪಂದ ಏನಾಗಬೇಕು, ಕೈ ಸೋತ 26ರ ಬಳಿಕ ಅವನು ಏನು ಮಾಡಬೇಕು, ಅವನು ಆಡಿದ ಪಂದ್ಯಗಳ ದಾಖಲೆ ಯಾರ ಬಳಿ ಯಾವ ರೂಪದಲ್ಲಿ ಉಳಿಯಬೇಕು? ಈ ಪ್ರಶ್ನೆಗಳನ್ನು ಕೇಳುವುದು ವಕೀಲರ, ವರದಿಗಾರರ ಕೆಲಸ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ವೀರಗಲ್ಲಿನ ಕೊನೆಯ ಸಾಲುಗಳನ್ನು ಓದಲು ಕಲಿತವರೂ ಕೇಳಬೇಕು. ಜಗಲಿಯ ಆ ನಾಲ್ವರಲ್ಲಿ ಒಬ್ಬ ನಾಳೆ ದೊಡ್ಡ ಆಟಗಾರನಾದರೆ ಅವನ ಗೆಲುವಿನ ತುಣುಕನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ಅವನ ಪಾಲಿಗೆ ಬಿಟ್ಟ ಭೂಮಿ ಎಷ್ಟು ಎಂದು ಕೇಳುವವರೂ ಆ ಊರಿನಲ್ಲಿ ಇರಬೇಕು.