ಕನ್ನಡ ಆತ್ಮವೃತ್ತಗಳಲ್ಲಿ ಕಾಲೇಜಿನ ಸ್ಮೃತಿ

ಹೊರನಾಡಿನಲ್ಲಿ ನೆಲಸಿದ ಕನ್ನಡಿಗರಿಬ್ಬರು ಮೊದಲ ಸಲ ಕಲೆತಾಗ ‘ತಮ್ಮ ಊರು ಯಾವುದು?’ ಎಂಬ ಪ್ರಶ್ನೆಯ ಬೆನ್ನಿಗೇ ‘ತಾವು ಓದಿದ್ದು ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಮೊದಲನೆಯದಕ್ಕೆ ಉತ್ತರ ಒಂದು ಮಾತಿನಲ್ಲಿ ಮುಗಿಯುತ್ತದೆ, ಎರಡನೆಯದಕ್ಕೆ ಮುಗಿಯುವುದಿಲ್ಲ. ಮಹಾರಾಜಾ ಕಾಲೇಜೆಂದರೆ ಅದರ ಹಿಂದೆ ಕುಕ್ಕರಹಳ್ಳಿ ಕೆರೆಯ ಏರಿ ಬರುತ್ತದೆ. ಕರ್ನಾಟಕ ಕಾಲೇಜೆಂದರೆ ಧಾರವಾಡದ ಜಿಟಿಜಿಟಿ ಮಳೆ ಬರುತ್ತದೆ. ಸೆಂಟ್ರಲ್ ಕಾಲೇಜೆಂದರೆ ಹಳೆಯ ಕಲ್ಲುಕಟ್ಟಡ ಬರುತ್ತದೆ. ಅಧ್ಯಾಪಕರ ಅಡ್ಡಹೆಸರುಗಳು, ವಿದ್ಯಾರ್ಥಿನಿಲಯದ ನೀರು ಸಾರು, ಸಾಲ ಕೊಡುತ್ತಿದ್ದ ಹೋಟೆಲು, ಕಾಲ ಕಳೆಯುತ್ತಿದ್ದ ಕಟ್ಟೆ—ಎಲ್ಲವೂ ಸಾಲುಗಟ್ಟಿ ಬರುತ್ತವೆ. ಮಾತು ಮುಗಿಯುವ ಹೊತ್ತಿಗೆ ಇಬ್ಬರೂ ಗೆಳೆಯರಾಗಿರುತ್ತಾರೆ. ಹೊರನಾಡಿನ ಎಷ್ಟೋ ಸಂಘಗಳು ನಿಂತಿರುವುದು ಇಂಥ ಮಾತಿನ ಮೇಲೆಯೇ. ಆದಕಾರಣ ಈ ಭಾವವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಅದು ಬರವಣಿಗೆಗೆ ಇಳಿದಾಗ ಏನಾಗುತ್ತದೆ, ಯಾವಾಗ ಸಾಹಿತ್ಯವಾಗುತ್ತದೆ, ಯಾವಾಗ ಬರಿಯ ಸವಿಮಾತಾಗಿ ಉಳಿಯುತ್ತದೆ ಎಂಬುದು ವಿಚಾರಾರ್ಹವಾದ ವಿಷಯ.

ಹಂಬಲದ ಮಾತು ಕನ್ನಡಕ್ಕೆ ಹೊಸದಲ್ಲ. ಪಂಪನು ೯೪೧ರ ಸುಮಾರಿಗೆ ಅರಿಕೇಸರಿಯ ಆಸ್ಥಾನದಲ್ಲಿ, ಇಂದಿನ ತೆಲಂಗಾಣಕ್ಕೆ ಸೇರಿದ ವೇಮುಲವಾಡದ ಪರಿಸರದಲ್ಲಿ, ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಬನವಾಸಿಯನ್ನು ಕುರಿತ ಅವನ ಪದ್ಯಗಳನ್ನು ಅರಿಯದ ಕನ್ನಡಿಗನಿಲ್ಲ. ನಾಡಿನ ಹಂಬಲದ ಶ್ರೇಷ್ಠವಾದ ನುಡಿ ನಾಡಿನ ಅಂಚಿನಾಚೆಯ ಆಸ್ಥಾನದಿಂದ ಬಂದಿತೆಂಬುದು ಹೊರನಾಡಿನ ಓದುಗರಿಗೆ ವಿಶೇಷವಾಗಿ ಹೃದ್ಯವಾಗತಕ್ಕ ಸಂಗತಿ. ಆದರೆ ಅಲ್ಲಿ ಗಮನಿಸಬೇಕಾದುದೇನೆಂದರೆ, ಪಂಪನು ಬನವಾಸಿಯ ಹೆಸರನ್ನು ಹೇಳಿ ಸುಮ್ಮನಾಗುವುದಿಲ್ಲ. ಗಾಳಿ, ಹೂವು, ಹಾಡು, ಒಳ್ಳೆಯ ಮಾತು, ಒಳ್ಳೆಯ ಜನ ಇವುಗಳಿಂದ ಅದನ್ನು ಕಟ್ಟುತ್ತಾನೆ. ಆ ನೆನಪಿನ ಬೆನ್ನಿಗೆ ಬದುಕನ್ನು ಕುರಿತ ಒಂದು ಗಟ್ಟಿಯಾದ ಆದರ್ಶವಿದೆ.

ಇಲ್ಲಿ ಭಾರತೀಯ ಕಾವ್ಯಮೀಮಾಂಸೆಯ ಒಂದು ವಿವೇಕವು ನೆರವಿಗೆ ಬರುತ್ತದೆ. ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ‘ಸ್ಮೃತಿ’ಯೂ ಒಂದು. ಅದು ಸ್ಥಾಯಿಯಲ್ಲ. ಬಂದು ಹೋಗುವ ಭಾವವಾದ್ದರಿಂದ ಅದು ತಾನೊಂದೇ ನಿಂತು ರಸವಾಗಲಾರದು. ರತಿ, ಶೋಕ, ಉತ್ಸಾಹ ಮೊದಲಾದ ಯಾವುದಾದರೊಂದು ಸ್ಥಾಯಿಯನ್ನು ಆಶ್ರಯಿಸಿ ಅದನ್ನು ಪೋಷಿಸಬೇಕು. ಕಾಲೇಜುಗಳ ಸ್ಮರಣಸಂಚಿಕೆಗಳಲ್ಲಿ ಬರುವ ಬಹುಪಾಲು ಲೇಖನಗಳ ದೌರ್ಬಲ್ಯ ಇದರಿಂದ ವಿಶದವಾಗುತ್ತದೆ. ಅಲ್ಲಿ ಸ್ಮೃತಿಯುಂಟು, ಸ್ಥಾಯಿಯಿಲ್ಲ. ಹೋಟೆಲಿನ ದೋಸೆಯ ರುಚಿ ನೆನಪಾಗುತ್ತದೆ. ಆ ರುಚಿ ಯಾವುದಕ್ಕೆ ಸಾಕ್ಷಿ ಎಂಬುದು ಮಾತ್ರ ತಿಳಿಯುವುದಿಲ್ಲ. ಜೊತೆಯಲ್ಲಿ ಓದಿದವರಿಗೆ ಅದು ಸವಿ. ಉಳಿದವರಿಗೆ ಪರರ ಮನೆಯ ಮದುವೆಯ ಚಿತ್ರ.

ಉತ್ತರ ಕರ್ನಾಟಕದ ಹಿರಿಯರ ವಿಷಯದಲ್ಲಿ ಈ ಸ್ಮೃತಿಯ ಚರಿತ್ರೆ ತುಸು ವಿಚಿತ್ರವಾಗಿದೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು ೧೯೧೭ರಲ್ಲಿ. ಅದಕ್ಕೆ ಮುಂಚೆ ಮುಂಬಯಿ ಪ್ರಾಂತದ ಕನ್ನಡ ತರುಣರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಬಳಿಕ ನ್ಯಾಯಶಾಸ್ತ್ರಕ್ಕಾಗಿ ಮುಂಬಯಿಯಲ್ಲಿ. ದ. ರಾ. ಬೇಂದ್ರೆಯವರೂ ಫರ್ಗ್ಯುಸನ್ನಿನಿಂದಲೇ ೧೯೧೮ರಲ್ಲಿ ಪದವೀಧರರಾದರು. ಎಂದರೆ ಇವರ ಕಾಲೇಜಿನ ನೆನಪು ಕನ್ನಡ ನಾಡಿನ ನೆನಪಲ್ಲ. ಪರಭಾಷೆಯ ನಡುವೆ ನಿಂತು ತಮ್ಮ ನುಡಿಯ ಬಡತನವನ್ನು ಕಂಡ ದಿನಗಳ ನೆನಪು. ಮರಾಠಿ ಮಾತನಾಡುವ ಊರಿನಲ್ಲಿ ಮರಾಠಿಯ ಪತ್ರಿಕೆ, ನಾಟಕ, ರಾಜಕಾರಣಗಳ ವೈಭವವನ್ನು ನೋಡಿದ ಕಣ್ಣು ತಿರುಗಿ ಕರ್ನಾಟಕದತ್ತ ಹೊರಳಿತು. ಆಲೂರರ ‘ಕರ್ನಾಟಕ ಗತವೈಭವ’ (೧೯೧೭), ಬೇಂದ್ರೆಯವರ ಗೆಳೆಯರ ಗುಂಪು ಇವೆರಡನ್ನೂ ಆ ಹೊರಳಿಕೆಯ ಫಲವೆಂದು ಭಾವಿಸುವುದು ತಪ್ಪಾಗಲಾರದು. ಇಲ್ಲಿ ಸ್ಮೃತಿಗೆ ಉತ್ಸಾಹವು ಸ್ಥಾಯಿಯಾಯಿತು. ನೆನಪು ಕಾರ್ಯವಾಗಿ ಪರಿಣಮಿಸಿತು.

ಹಳೆಯ ಮೈಸೂರಿನಲ್ಲಿ ಕಾಲೇಜೇ ಕನ್ನಡದ ಕಾರ್ಯಕ್ಷೇತ್ರವಾಯಿತು. ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರತಂದಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಪಾಠದ ಹೊತ್ತಿನಾಚೆ ಕೂಡಿ ನಡೆಸಿದ ಮಾತು ಒಂದು ಪತ್ರಿಕೆಯಾಗಿ, ಕ್ರಮೇಣ ಒಂದು ಸಾಹಿತ್ಯಯುಗದ ಅಂಗವಾಗಿ ಬೆಳೆಯಿತು. ಹೊರನಾಡಿನ ಸಂಘಗಳ ವಾರ್ಷಿಕೋತ್ಸವ, ಚರ್ಚಾಕೂಟ, ನಾಟಕ, ಪತ್ರಿಕೆ ಇವೆಲ್ಲವೂ ಆ ಕಾಲೇಜು ಸಂಘಗಳ ರೂಪವನ್ನೇ ಹೋಲುತ್ತವೆ.

ಈ ಪರಂಪರೆಯ ಹಿರಿಯ ಆತ್ಮವೃತ್ತ ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (೧೯೮೦). ಮಲೆನಾಡಿನಿಂದ ಮೈಸೂರಿಗೆ ಬಂದ ತರುಣನೊಬ್ಬ ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದುದು, ೧೯೨೪ರಲ್ಲಿ ಜೇಮ್ಸ್ ಕಸಿನ್ಸರು ಅವುಗಳನ್ನು ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದ್ದು, ಮಹಾರಾಜಾ ಕಾಲೇಜಿನ ಗುರುಗಳು, ಶ್ರೀರಾಮಕೃಷ್ಣಾಶ್ರಮದ ವಾಸ ಇವೆಲ್ಲ ಅಲ್ಲಿವೆ. ಆದರೆ ಈ ಗ್ರಂಥವನ್ನು ಇತರ ಸ್ಮರಣೆಗಳಿಂದ ಬೇರೆ ಮಾಡುವುದು ಅದರ ವಸ್ತುವಲ್ಲ, ವಿಧಾನ. ಲೇಖಕರು ತಮ್ಮ ತಾರುಣ್ಯದ ದಿನಚರಿಯನ್ನು ತೆರೆದು, ಅದರ ಬರಹವನ್ನೇ ಓದುಗರ ಮುಂದಿಡುತ್ತಾರೆ. ದಿನಚರಿ ಬರೆದ ತರುಣನಿಗೆ ಮುಂದೆ ತಾನೇನಾಗುವೆನೆಂಬುದು ತಿಳಿಯದು. ಅದನ್ನು ಓದುತ್ತಿರುವ ವೃದ್ಧರಿಗೆ ಎಲ್ಲವೂ ತಿಳಿದಿದೆ. ಈ ಇಬ್ಬರ ನಡುವಣ ಅಂತರದಲ್ಲಿ ನೆನಪು ತನ್ನಿಚ್ಛೆಯಂತೆ ಸಕ್ಕರೆ ಬೆರೆಸಲು ಅವಕಾಶ ಕಡಮೆ. ಆ ಅಂತರವನ್ನು ಮುಚ್ಚದೆ ಉಳಿಸಿದ್ದು ಗ್ರಂಥದ ಪ್ರಾಮಾಣಿಕತೆ. ಅಲ್ಲಲ್ಲಿ ವಿವರಗಳು ಅತಿಯಾಗಿ ಬೆಳೆದು ಓದಿನ ಓಟವನ್ನು ತಡೆಯುತ್ತವೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ಆ ಭಾರವು ಈ ವಿಧಾನಕ್ಕೆ ತೆತ್ತ ಬೆಲೆ.

ಕುವೆಂಪು ಅವರಲ್ಲಿ ಈ ಸ್ಮೃತಿಗೆ ಸ್ಥಾಯಿಯಾಗಿರುವುದು ಗುರುಭಕ್ತಿ ಎನ್ನಬಹುದು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವು ಕಾಲೇಜಿನ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿತವಾಗಿದೆ. ವೆಂಕಣ್ಣಯ್ಯನವರು ತೀರಿಕೊಂಡದ್ದು ೧೯೩೯ರಲ್ಲಿ. ಕಾವ್ಯ ಅಚ್ಚಾಗತೊಡಗಿದ್ದು ೧೯೪೯ರಲ್ಲಿ. ಕಾವ್ಯವನ್ನು ಕೇಳಬೇಕಾಗಿದ್ದ ಕಿವಿ ಇಲ್ಲವಾದ ಮೇಲೆ ಅರ್ಪಿಸಿದ ಕಾಣಿಕೆಯದು. ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಕಾಲೇಜಿಗೆ ಸಲ್ಲಿಸಬಹುದಾದ ನಿಜವಾದ ಸ್ಮರಣಿಕೆ ಇಂಥದು. ಅಲ್ಲಿ ‘ಆ ದಿನಗಳು ಎಷ್ಟು ಚೆನ್ನಾಗಿದ್ದುವು’ ಎಂಬ ಮಾತಿಲ್ಲ. ‘ಆ ದಿನಗಳ ಋಣ ನನ್ನ ಮೇಲಿದೆ’ ಎಂಬ ಅರಿವಿದೆ.

ಮುಂದಿನ ತಲೆಮಾರಿಗೆ ಬರುವಾಗ ನೆನಪಿನ ಕೇಂದ್ರ ಪಾಠದ ಕೋಣೆಯಿಂದ ಹೊರಗೆ ಸರಿಯುತ್ತದೆ. ಯು. ಆರ್. ಅನಂತಮೂರ್ತಿಯವರ ‘ಸುರಗಿ’ (೨೦೧೨)ಯಲ್ಲಿ ಮೈಸೂರಿನ ಕಾಫಿ ಹೌಸು, ಅಲ್ಲಿ ಗೋಪಾಲಕೃಷ್ಣ ಅಡಿಗರ ಸುತ್ತ ನೆರೆಯುತ್ತಿದ್ದ ತರುಣರ ಕೂಟ, ಸಾಹಿತ್ಯ ಮತ್ತು ಸಮಾಜವಾದದ ವಾಗ್ವಾದ ಇವು ತರಗತಿಗಿಂತ ದೊಡ್ಡ ಶಾಲೆಯಾಗಿ ಕಾಣುತ್ತವೆ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (೨೦೧೧)ದಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಇದೇ ಸ್ಥಾನ. ೧೯೩೩ರಲ್ಲಿ ಆರಂಭವಾದ ಆ ಪ್ರಕಾಶನದ ಅಟ್ಟದ ಮೇಲೆ ಜಿ. ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರ ಸಂಗದಲ್ಲಿ ಕುಳಿತ ತರುಣನ ‘ಯಯಾತಿ’ ಅಲ್ಲಿಂದಲೇ ೧೯೬೧ರಲ್ಲಿ ಪ್ರಕಟವಾಯಿತು. ಈ ಎರಡು ಗ್ರಂಥಗಳ ಸ್ವಭಾವ ಬೇರೆ. ಅನಂತಮೂರ್ತಿಯವರದು ವಿಚಾರದ ಬಿಸಿಯನ್ನು ನೆನೆವ ಮನಸ್ಸು. ಕಾರ್ನಾಡರದು ತನ್ನನ್ನೇ ತುಸು ದೂರ ನಿಲ್ಲಿಸಿ ನೋಡುವ, ಹಾಸ್ಯವನ್ನು ಬಿಟ್ಟುಕೊಡದ ಮನಸ್ಸು. ಆದರೆ ಎರಡರಲ್ಲಿಯೂ ಕೂಟದ ಸ್ಥಳವು ಅಲಂಕಾರಕ್ಕಾಗಿ ಬಂದಿಲ್ಲ. ಅಲ್ಲಿ ಏನೋ ಹುಟ್ಟಿತೆಂಬ ಕಾರಣಕ್ಕೆ ಬಂದಿದೆ.

ಆದರೂ ಕಾಫಿ ಹೌಸಿನ ಬಗೆಗೆ ಬಂದಿರುವ ಒಟ್ಟು ಸ್ಮರಣಸಾಹಿತ್ಯವನ್ನು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಕಾಫಿಯ ಬೆಳೆಗೆ ದೇಶದೊಳಗೆ ಗಿರಾಕಿ ಹುಡುಕುವ ಉದ್ದೇಶದಿಂದ ಹುಟ್ಟಿದ ಈ ಮಳಿಗೆಗಳಲ್ಲಿ ಮೊದಲನೆಯದು ೧೯೩೬ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ತೆರೆಯಿತು. ೧೯೫೦ರ ದಶಕದ ನಡುವಿನಲ್ಲಿ ಕಾಫಿ ಮಂಡಳಿಯು ಇವುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬೀಳುವಂತಾಯಿತು. ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಅವರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ, ೧೯೫೭ರ ಆಗಸ್ಟಿನಲ್ಲಿ. ಮೇಜಿನ ಒಂದು ಬದಿಗೆ ಸಮಾಜವಾದದ ಚರ್ಚೆ ನಡೆಯುತ್ತಿದ್ದ ವರ್ಷಗಳಲ್ಲಿಯೇ, ಕಾಫಿ ತಂದಿಟ್ಟು ನಿಂತವರು ತಮ್ಮ ಅನ್ನಕ್ಕಾಗಿ ಸಮಾಜವಾದವನ್ನು ಆಚರಣೆಗೆ ತರುತ್ತಿದ್ದರು. ಲೋಟದ ಬಿಸಿಯನ್ನು ಮರೆಯದ ಸ್ಮೃತಿ ಅದನ್ನು ತಂದ ಕೈಯನ್ನು ಮರೆಯಿತು.

ಈ ಮರೆವನ್ನು ತಿದ್ದುವ ಗ್ರಂಥಗಳೂ ಕನ್ನಡದಲ್ಲಿವೆ. ಅವು ಕಾಲೇಜಿನ ಸ್ಮೃತಿಯನ್ನು ಬೇರೆ ಬಾಗಿಲಿನಿಂದ ಪ್ರವೇಶಿಸುತ್ತವೆ. ಎಸ್. ಎಲ್. ಭೈರಪ್ಪನವರ ‘ಭಿತ್ತಿ’ (೧೯೯೬)ಯಲ್ಲಿ ವಿದ್ಯೆಯೆಂದರೆ ಮೊದಲು ಹಸಿವು. ಪ್ಲೇಗಿನಲ್ಲಿ ಮನೆಯವರನ್ನು ಕಳೆದುಕೊಂಡ ಹುಡುಗ ಭಿಕ್ಷಾನ್ನ, ವಾರಾನ್ನಗಳಿಂದ ಓದುತ್ತಾನೆ. ನಡುವೆ ಓದು ಬಿಟ್ಟು ಅಲೆದು ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಹಮಾಲಿಯ ಕೆಲಸ ಮಾಡುತ್ತಾನೆ. ಮತ್ತೆ ಮೈಸೂರಿಗೆ ಬಂದು ಮಹಾರಾಜಾ ಕಾಲೇಜು ಸೇರುತ್ತಾನೆ. ಕುವೆಂಪು ನೆನೆಯುವ ಕಾಲೇಜೇ ಇದು; ಆದರೆ ಇಲ್ಲಿ ನೆನಪಿನ ರುಚಿ ಬೇರೆ. ಊಟ ಯಾರ ಮನೆಯಲ್ಲಿ ಎಂಬ ಪ್ರಶ್ನೆ ಬಗೆಹರಿದವನಿಗೆ ಮಾತ್ರ ಕೆರೆಯ ಏರಿಯ ಸಂಜೆ ಸುಂದರವೆಂಬ ಸತ್ಯ ಓದುಗನಿಗೆ ತಾನಾಗಿ ಹೊಳೆಯುತ್ತದೆ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (೧೯೯೪), ಸಿದ್ಧಲಿಂಗಯ್ಯನವರ ‘ಊರು ಕೇರಿ’ (೧೯೯೬) ಇನ್ನೂ ಮುಂದೆ ಹೋಗುತ್ತವೆ. ವಾರಾನ್ನದ ಮನೆಯ ಬಾಗಿಲೂ ತೆರೆಯದಿದ್ದವರ ವಿದ್ಯಾರ್ಥಿ ಜೀವನ ಇವುಗಳದು. ‘ಊರು ಕೇರಿ’ಯಲ್ಲಿ ವಿದ್ಯಾರ್ಥಿನಿಲಯವೇ ಕೂಟದ ಸ್ಥಳ, ಅದೇ ವಾಚನಾಲಯ, ಅದೇ ಚಳವಳಿಯ ಮನೆ. ೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರೆಂಬ ಕಾರಣಕ್ಕೆ ಗಲಭೆಯೆದ್ದಾಗ ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಒಳಗಾದರು. ಕನ್ನಡಾಭಿಮಾನದ ಹೆಸರಿನಲ್ಲಿ ಸಹಪಾಠಿಯೇ ಸಹಪಾಠಿಯ ಮೇಲೆ ಕೈಯೆತ್ತಿದ ದಿನಗಳವು. ಯಾವ ಸ್ಮರಣಸಂಚಿಕೆಯ ಸವಿನೆನಪಿನಲ್ಲಿ ಇದಕ್ಕೆ ಸ್ಥಳವಿದೆ? ಆದರೂ ಸಿದ್ಧಲಿಂಗಯ್ಯನವರ ಬರವಣಿಗೆಯಲ್ಲಿ ಕಹಿಯಿಲ್ಲ, ನಗೆಯಿದೆ. ನೋವನ್ನು ನಗೆಯಾಗಿ ಕಾಯಿಸಿದ ಆ ಪಾಕದಲ್ಲಿ ಸ್ಮೃತಿಯು ತಾನಾಗಿಯೇ ರಸವಾಗಿದೆ. ಇನ್ನು ಸಂಜೆಯಾಗುತ್ತಲೇ ವಿದ್ಯಾರ್ಥಿನಿಲಯದ ಬಾಗಿಲು ಮುಚ್ಚುತ್ತಿದ್ದ ಹೆಣ್ಣುಮಕ್ಕಳಿಗೆ ಕಟ್ಟೆಯೂ ಇಲ್ಲ, ಕಾಫಿ ಹೌಸೂ ಇಲ್ಲ; ಈ ಆತ್ಮವೃತ್ತಗಳ ಕೂಟಗಳಲ್ಲಿ ಅವರು ಕಾಣಿಸಿಕೊಳ್ಳುವುದು ತೀರ ವಿರಳ.

ಈ ಎಲ್ಲ ವಿವೇಚನೆಯಿಂದ ಹೊರನಾಡಿನ ಓದುಗನಿಗೆ ಒದಗುವ ಪ್ರಯೋಜನವೇನು? ಒಳನಾಡಿನಲ್ಲಿ ಉಳಿದವನಿಗೆ ಕಾಲೇಜು ಬೇರೆ, ನಾಡು ಬೇರೆ. ಅವನು ಕಾಲೇಜಿನ ಮುಂದೆಯೇ ಹಾದುಹೋಗುತ್ತಾನೆ. ಕಟ್ಟಡ ಹಳತಾದುದನ್ನೂ ಹೋಟೆಲು ಮುಚ್ಚಿದುದನ್ನೂ ಕಣ್ಣಾರೆ ಕಾಣುತ್ತಾನೆ. ಪದವಿ ಮುಗಿಸಿದೊಡನೆ ರೈಲು ಹತ್ತಿದವನಿಗಾದರೋ ಯೌವನ, ಕಾಲೇಜು, ಕನ್ನಡ ನಾಡು ಮೂರೂ ಒಂದೇ ದಿನ ಕೈಬಿಟ್ಟವು. ಆದ್ದರಿಂದ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಕಳೆದ ತಾರುಣ್ಯವನ್ನು ನೆನೆಯುವಾಗ ನಾಡನ್ನು ನೆನೆದಂತೆ ತೋರುತ್ತದೆ. ತಾನು ಬಿಟ್ಟುಬಂದ ವರ್ಷದ ಕನ್ನಡವೇ ನಿಜವಾದ ಕನ್ನಡವೆಂದು ತೋರುತ್ತದೆ. ಆ ವರ್ಷದ ಬಳಿಕ ಬಂದ ಕಾವ್ಯ, ಆ ಕಾಲೇಜಿನ ಬಾಗಿಲಿನ ಹೊರಗೆ ನಿಂತವರ ಬರಹ ಇವು ‘ನಮ್ಮ ಕಾಲದಂತಿಲ್ಲ’ ಎಂಬ ಒಂದು ಮಾತಿಗೆ ಬಲಿಯಾಗುತ್ತವೆ. ಈ ಭ್ರಮೆ ಸಹಜವಾದದ್ದು. ಆದರೆ ಸಂಘಗಳು ಅದರ ಮೇಲೆಯೇ ನಿಂತರೆ ತಲೆಮಾರೊಂದು ಸರಿದಾಗ ಸಂಘವೂ ಸರಿದುಹೋಗುವುದು ಅನಿವಾರ್ಯ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕುಕ್ಕರಹಳ್ಳಿ ಕೆರೆ ಬರಿಯ ಹೆಸರು.

ಅದಕ್ಕೆ ಪರಿಹಾರ ನೆನಪನ್ನು ಬಿಡುವುದಲ್ಲ, ಅದರ ಲೆಕ್ಕವನ್ನು ಪೂರ್ತಿಯಾಗಿ ಬರೆಯುವುದು. ಮುಂಬಯಿಯ ಕನ್ನಡಿಗರಿಗೆ ಇದಕ್ಕೆ ಬೇಕಾದ ಸಾಮಗ್ರಿ ಕೈಯಳತೆಯಲ್ಲಿಯೇ ಇದೆ. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯ ಕೆಲಸ ಮಾಡಿ, ರಾತ್ರಿ ಕನ್ನಡ ಸಂಘಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿ, ಪದವೀಧರರೂ ವಕೀಲರೂ ಲೇಖಕರೂ ಆದವರ ಪರಂಪರೆ ಈ ನಗರದಲ್ಲಿ ದೊಡ್ಡದು. ಇಲ್ಲಿ ಕಾಫಿ ತಂದಿಟ್ಟವನೂ ಪುಸ್ತಕ ಬಿಡಿಸಿದವನೂ ಒಬ್ಬನೇ. ಅವನ ವಿದ್ಯಾರ್ಥಿ ಜೀವನಕ್ಕೆ ಕೆರೆಯ ಏರಿಯಿಲ್ಲ. ಹೋಟೆಲಿನ ಹಿಂಬಾಗಿಲ ದೀಪವಿದೆ. ಮಹಾರಾಜಾ ಕಾಲೇಜಿನ ನೆನಪಿಗೆ ಕನ್ನಡ ವಿಮರ್ಶೆ ತೋರಿದ ಆದರವನ್ನು ಆ ದೀಪದ ನೆನಪಿಗೂ ತೋರಿದಾಗ, ಕಾಲೇಜಿನ ಸ್ಮೃತಿಯೆಂಬ ಈ ಸಾಹಿತ್ಯಪ್ರಕಾರವು ತನ್ನ ಋಣವನ್ನು ತೀರಿಸತೊಡಗಿದಂತಾಗುವುದು.