ಶ್ರೀಮತಿ ಬಾನು ಮುಷ್ತಾಕರ ಕಥೆಗಳಲ್ಲಿ ಧರ್ಮವೂ ಪುರುಷಾಧಿಕಾರವೂ

ಮೈಸೂರಿನಿಂದ ಹೊರಟ ರೈಲು ನಮ್ಮ ಕೃಷ್ಣರಾಜನಗರವನ್ನು ದಾಟಿ, ಹೊಳೆನರಸೀಪುರದ ಮಾರ್ಗವಾಗಿ ಹಾಸನವನ್ನು ಸೇರುವುದಷ್ಟೆ. ಇಷ್ಟು ಸಮೀಪದ ಊರಿನಲ್ಲಿ ಕುಳಿತು ಶ್ರೀಮತಿ ಬಾನು ಮುಷ್ತಾಕರು ಬರೆದ ಕಥೆಗಳನ್ನು ನಮ್ಮಲ್ಲಿ ಅನೇಕರು ಹುಡುಕಿ ಓದಿದುದು, ಶ್ರೀಮತಿ ದೀಪಾ ಭಾಸ್ತಿಯವರು ಮಾಡಿದ ಅವುಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವು ಬಂದ ಮೇಲೆ. ಅದೇ ವರ್ಷ ಅವರು ಚಾಮುಂಡಿಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಬಹುದೆ, ಕೂಡದೆ ಎಂದು ವಾಗ್ವಾದ ನಡೆಯಿತು. ಆ ಗದ್ದಲದಲ್ಲಿ ಅವರ ಒಂದು ಕಥೆಯ ಹೆಸರಾದರೂ ನನ್ನ ಕಿವಿಗೆ ಬೀಳಲಿಲ್ಲ.

ಈ ಕಥೆಗಳಲ್ಲಿ ಇಸ್ಲಾಮಿನ ನಿಂದೆಯಿದೆಯೆಂದು ಕೆಲವರು ಮುನಿಯುವರು. ಅದಿದೆಯೆಂಬ ಕಾರಣದಿಂದಲೇ ಮತ್ತೆ ಕೆಲವರು ಮೆಚ್ಚುವರು. ಇಬ್ಬರೂ ಸರಿಯಾಗಿ ಓದಿದವರಲ್ಲ. ಲೇಖಕಿಯವರ ಜಗಳವು ದೇವರೊಡನೆ ಅಲ್ಲ, ದೇವರ ಮಾತಿಗೆ ತಾವೇ ವಾರಸುದಾರರೆಂದು ಕುಳಿತ ಗಂಡಸರೊಡನೆ.

'ಕರಿನಾಗರಗಳು' ಎಂಬ ಕಥೆಯನ್ನು ನೋಡಿ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡನು ತೊರೆದ ಬಡ ಅಶ್ರಫಳು, ನ್ಯಾಯವನ್ನು ಕೇಳಿಕೊಂಡು ಮಸೀದಿಯ ಮುತವಲ್ಲಿಯ ಬಳಿಗೆ ಹೋಗುವಳು. ಧರ್ಮಗ್ರಂಥವು ಆಕೆಯ ಪಕ್ಷದಲ್ಲಿದೆಯೆಂದು ವಿದ್ಯಾವಂತೆಯಾದ ಜುಲೇಖಾ ಬೇಗಮರು ತಿಳಿಸಿಕೊಡುವರು. ಈ ಭಾಗದಲ್ಲಿ ಕಥೆಯು ಸ್ವಲ್ಪ ಸೊರಗುವುದೆಂದೇ ಹೇಳಬೇಕು. ಬೇಗಮರ ಮಾತು ನ್ಯಾಯಸ್ಥಾನದ ವಾದದಂತೆ ಕೇಳುವುದು. ಲೇಖಕಿಯವರು ವೃತ್ತಿಯಿಂದ ವಕೀಲರೆಂಬುದು ಮರೆಯಾಗದು. ಆದರೆ ಮುಂದಿನದನ್ನು ನೋಡಬೇಕು. ಹಕ್ಕು ಇಂಥದೆಂದು ತಿಳಿದ ಮೇಲೂ ಆ ತಾಯಿಯು ಮಕ್ಕಳೊಡನೆ ಮಸೀದಿಯ ಅಂಗಳದಲ್ಲಿ ಕಾದು ಕೂಡಬೇಕಾಯಿತು, ರೋಗದ ಮಗುವು ಸತ್ತೂ ಹೋಯಿತು. ವಾದದಲ್ಲಿ ಗೆದ್ದರೇನು, ತೀರ್ಪು ಹೇಳುವವನು ಮುತವಲ್ಲಿಯೇ ಅಲ್ಲವೆ? ಕೊನೆಗೆ ಉತ್ತರ ಕೊಡುವವಳು ಆತನ ಸ್ವಂತ ಹೆಂಡತಿ, ವರ್ಷವರ್ಷವೂ ಹೆತ್ತು ಬಳಲಿದ ಅಮೀನಾ. ಗಂಡನ ಅಪ್ಪಣೆಗೆ ಕಾಯದೆ, ಇನ್ನು ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಆಕೆ ಹೊರಟುಬಿಡುವಳು. ಜುಲೇಖಾ ಬೇಗಮರ ಉಪದೇಶವೆಲ್ಲ ಸೇರಿದರೂ ಈ ಒಂದು ನಡೆಗೆ ಸಾಟಿಯಾಗದು. ಶ್ರೀ ಗಿರೀಶ ಕಾಸರವಳ್ಳಿಯವರು 2004ರ 'ಹಸೀನಾ' ಚಲಚ್ಚಿತ್ರಕ್ಕೆ ಆರಿಸಿಕೊಂಡುದೂ ಈ ಕಥೆಯನ್ನೇ.

ಇದೇ ದಾರಿಯಲ್ಲಿ ಮೊದಲು ನಡೆದವರು ಕಾಸರಗೋಡಿನ ದಿವಂಗತ ಸಾರಾ ಅಬೂಬಕ್ಕರ್ ಅವರು. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಬಂದ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳಿಗೆ, ತಂದೆಯ ಹಟದಿಂದ ತಲಾಖ್ ಆಗುವುದು. ಮತ್ತೆ ಗಂಡನನ್ನು ಕೂಡಬೇಕಾದರೆ ಅನ್ಯನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಆತನೊಡನೆ ಕಳೆಯಬೇಕೆಂಬ ನಿಯಮಕ್ಕೆ ಅಂಜಿ, ಅವಳು ಮಸೀದಿಯ ಕೊಳಕ್ಕೆ ಬೀಳುವಳು. ಓದುವವರು ಕಣ್ಣೊರಸಿಕೊಂಡು, ಅವರ ಪೈಕಿ ಹೀಗೆ, ಎಂದು ಪುಸ್ತಕವನ್ನು ಮುಚ್ಚಬಹುದು.

ಬಾನು ಅವರ 'ಎದೆಯ ಹಣತೆ'ಯು ಈ ಅನುಕೂಲವನ್ನು ನಮಗೆ ಕೊಡುವುದಿಲ್ಲ. ಗಂಡನು ಬೇರೊಬ್ಬಳ ಪಾಲಾದನೆಂದು ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬಂದರೆ, ಅಣ್ಣಂದಿರು ಮನೆತನದ ಮಾನವನ್ನು ಮುಂದೊಡ್ಡಿ ಅವಳನ್ನು ಮರಳಿ ಅಲ್ಲಿಗೇ ಬಿಟ್ಟುಬರುವರು. ಇಲ್ಲಿ ಮುತವಲ್ಲಿಯಿಲ್ಲ, ತಲಾಖಿನ ಮಾತಿನಿಂದ ಮನೆ ಮುರಿದುದೂ ಅಲ್ಲ. ಇಂಥ ಅಣ್ಣಂದಿರು ನಮ್ಮ ಕಾವೇರಿತೀರದ ಹಳ್ಳಿಗಳ ಯಾವ ಜಾತಿಯಲ್ಲಿ ಇಲ್ಲ? ಕೂಳಿಗೆ ತೊಂದರೆಯಿಲ್ಲ, ಸಹಿಸಿಕೊಂಡು ಹೋಗು ಎಂದು ಮಗಳನ್ನು ಬಸ್ಸು ಹತ್ತಿಸಿದ ಮನೆಗಳನ್ನು ನಾನೇ ಕಂಡಿದ್ದೇನೆ. ಆಗ ಸುಮ್ಮನೆ ನಿಂತವರಲ್ಲಿ ನಾನೂ ಒಬ್ಬ. ಮೈಮೇಲೆ ಸೀಮೆಎಣ್ಣೆಯನ್ನು ಸುರಿದುಕೊಂಡ ಮೆಹರುನ್ನಳನ್ನು ತಡೆಯುವವಳು ಕೂಸನ್ನೆತ್ತಿಕೊಂಡು ಓಡಿಬಂದ ಅವಳ ಹಿರಿಯ ಮಗಳು. ನಾದಿರಾಳ ಕಥೆಯು ಸಾವಿನಲ್ಲಿ ಮುಗಿದರೆ, ಇದು ಬದುಕಿ ಉಳಿದವಳ ನಾಳೆಯನ್ನು ಓದುವವರ ಮುಂದಿಟ್ಟು ನಿಲ್ಲುವುದು.

ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಹೇಳುವುದು 2019ರ ಕಾನೂನಿನಿಂದ ಅಪರಾಧವಾಯಿತು. ಆದರೆ ಆ ಕಾನೂನು ಹಿಡಿಯುವುದು ಆಡಿದ ಮಾತನ್ನು; ಏನನ್ನೂ ಆಡದೆ ಹೆಂಡತಿಮಕ್ಕಳನ್ನು ಬಿಟ್ಟು ನಡೆದವನನ್ನಲ್ಲ. ಆಡದೆ ನಡೆದವನೋ ಎಲ್ಲ ಮತದಲ್ಲಿಯೂ ಉಂಟು.

ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಹೆಂಗಸರಿಗೂ ಉಂಟೆಂದುದಕ್ಕೆ 2000ದಲ್ಲಿ ಲೇಖಕಿಯವರಿಗೆ ಬಹಿಷ್ಕಾರವಾಯಿತು. ಅವರು ಕೇಳಿದುದು ಮಸೀದಿಯಿಂದ ಬಿಡುಗಡೆಯನ್ನಲ್ಲ, ಒಳಗೆ ಸ್ಥಳವನ್ನು. 'ಒಮ್ಮೆ ಹೆಣ್ಣಾಗು ಪ್ರಭುವೇ' ಎಂಬ ಕಥೆಯ ಹೆಂಗಸೂ ಹೀಗೆಯೇ, ನಡುವಿನವರನ್ನೆಲ್ಲ ಬಿಟ್ಟು, ನೇರವಾಗಿ ಸೃಷ್ಟಿಕರ್ತನೊಡನೆ ಮಾತಿಗೆ ನಿಲ್ಲುವಳು. ನಂಬಿಕೆಯನ್ನು ಕಳೆದುಕೊಂಡವಳು ಹಾಗೆ ದೂರು ಹೇಳಿಕೊಳ್ಳಲಾರಳು.