ಮೂರನೆಯ ಮಣಿ

ಹಸಿವಿನ ಹಾರ್ಮೋನು ಗ್ರೆಲಿನ್ ಮತ್ತು ಅದು ಬಂದು ಕೂರುವ ಗ್ರಾಹಕ ಪ್ರೋಟೀನಿನ ಕಥೆಯನ್ನು ಎಷ್ಟು ಸಲ ಓದಿದರೂ ನನಗೆ ತಣಿವಿಲ್ಲ. ಇಲ್ಲಿ ಮೊದಲು ಬಂದದ್ದು ನಕಲಿ ಕೀಲಿಕೈ, ಆಮೇಲೆ ಬೀಗ, ಕಟ್ಟಕಡೆಗೆ ಅಸಲಿ ಕೀಲಿಕೈ. ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ಸಿರಿಲ್ ಬೋವರ್ಸ್ 1970ರ ದಶಕದ ಕೊನೆಗೇ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ಪುಟ್ಟ ಪೆಪ್ಟೈಡುಗಳನ್ನು ಪ್ರಯೋಗಾಲಯದಲ್ಲಿ ಕಟ್ಟಿದ್ದರು. ಅವು ತೆರೆಯುತ್ತಿದ್ದ ಬೀಗ ಮರ್ಕ್ ಕಂಪನಿಯ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1996ರಲ್ಲಿ: ಪಿಟ್ಯುಟರಿಯಲ್ಲೂ ಹೈಪೋಥಲಾಮಸ್‌ನಲ್ಲೂ ಜೀವಕೋಶದ ಪೊರೆಯನ್ನು ಏಳು ಸಲ ಹೊಲಿದಂತೆ ದಾಟಿ ಕೂತ ಪ್ರೋಟೀನು. ದೇಹ ಇದನ್ನು ಯಾರಿಗಾಗಿ ಇಟ್ಟುಕೊಂಡಿದೆ?

ಉತ್ತರ 1999ರಲ್ಲಿ ಜಪಾನಿನಿಂದ ಬಂತು. ಮಸಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅಸಲಿ ಕೀಲಿಕೈಯಾದ ಗ್ರೆಲಿನನ್ನು ಇಲಿಯ ಜಠರದಲ್ಲಿ ಕಂಡುಹಿಡಿದರು. ತಲೆಯೊಳಗಿನ ಬೀಗಕ್ಕೆ ಹೊಟ್ಟೆಯಲ್ಲಿ ಕೀಲಿಕೈ! 28 ಅಮೈನೋ ಆಮ್ಲಗಳ ಸರ. ಅದೇ ಕ್ರಮದಲ್ಲಿ ಪೋಣಿಸಿ ತಾವೇ ಮಾಡಿದ್ದಕ್ಕೆ ಮಾತ್ರ ಬೀಗ ಮಿಸುಕಲಿಲ್ಲ. ತೂಗಿ ನೋಡಿದರೆ ಜಠರದ ಅಣು 126 ಡಾಲ್ಟನ್ ಹೆಚ್ಚು ಭಾರ. ಗುಟ್ಟೆಲ್ಲ ಆ 126ರಲ್ಲಿತ್ತು. ಸರದ ಮೂರನೆಯ ಮಣಿ ಸೆರೀನ್. ಅದಕ್ಕೆ ಎಂಟು ಇಂಗಾಲದ ಕೊಬ್ಬಿನಾಮ್ಲವೊಂದು ಬಾಲದಂತೆ ಅಂಟಿಕೊಂಡಿತ್ತು. ಆಕ್ಟನೋಯಿಕ್ ಆಮ್ಲ, ನಮ್ಮ ತೆಂಗಿನೆಣ್ಣೆಯಲ್ಲೂ ಆಡಿನ ಹಾಲಿನಲ್ಲೂ ಇರುವಂಥದೇ. ಹಸಿವಿನ ಕರೆಗೆ ದನಿ ಕೊಡುವುದು ಒಂದು ಚೂರು ಕೊಬ್ಬು. ಇಲ್ಲಿಗೆ ಬಂದಾಗಲೆಲ್ಲ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಗ್ರಾಹಕದ ಸ್ವಭಾವವೂ ಸೊಗಸು. ಕೀಲಿಕೈ ತಾಗದಿದ್ದರೂ ಅದು ತನ್ನ ಪೂರ್ಣ ಶಕ್ತಿಯ ಸುಮಾರು ಅರ್ಧದಷ್ಟು ಸಂಕೇತವನ್ನು ತಾನಾಗಿಯೇ ಹೊರಡಿಸುತ್ತಿರುತ್ತದೆ, ಹಾಡುವವರು ಬಂದು ಕೂರುವ ಮೊದಲೇ ಮಿಡಿಯುವ ತಂಬೂರಿಯ ಹಾಗೆ. ಆದ್ದರಿಂದ ಔಷಧ ಹುಡುಕುವವರು ದನಿ ಏರಿಸಲೂಬಹುದು, ಶ್ರುತಿಯನ್ನೇ ತಗ್ಗಿಸಲೂಬಹುದು. ತಗ್ಗಿಸುವ ಅಣುವೊಂದನ್ನು ಯಕೃತ್ತೂ ಸಣ್ಣಕರುಳೂ ತಾವೇ ಮಾಡುತ್ತವೆ. ಅದರ ಹೆಸರು ಲೀಪ್-2.

ಏರಿಸುವ ಔಷಧಗಳು ಆಗಲೇ ಬಂದಿವೆ. ಊಟ ಬಿಟ್ಟ ನಾಯಿಗಳಿಗೆಂದು ಅಮೆರಿಕ 2016ರಲ್ಲಿ ಕ್ಯಾಪ್ರೋಮೊರೆಲಿನ್‌ಗೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರಿನಿಂದ ಸೊರಗಿದವರಿಗೆ ಅನಮೊರೆಲಿನ್ ಮಾತ್ರೆಯನ್ನು ಜಪಾನ್ 2021ರಲ್ಲಿ ಒಪ್ಪಿತು. ಯುರೋಪು ಅದಕ್ಕೂ ಮುಂಚೆ ಬೇಡವೆಂದಿತ್ತು. ಪರೀಕ್ಷೆಗಳಲ್ಲಿ ರೋಗಿಗಳ ಮೈ ತುಸು ತುಂಬಿಕೊಂಡರೂ ಕೈಹಿಡಿತದ ಬಲ ಏರಿರಲಿಲ್ಲ. ಆ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಆದರೆ ದಿನವೂ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸುವವರ ಎದುರು ಕೂತವರಿಗೆ, ಅವರು ತಾವಾಗಿಯೇ "ಇನ್ನೊಂದು ಸೌಟು ಹಾಕು" ಅಂದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತು.